ರಿಪೋರ್ಟಿನಲ್ಲಿ ಜಿಂಕ್ ‘ಲೋ’ ಅಂತ ಬಂದರೆ

ಫುಲ್ ಬಾಡಿ ಚೆಕಪ್ ರಿಪೋರ್ಟ್ ಕೈಗೆ ಬಂದ ಕೂಡಲೇ ನಾವು ಹುಡುಕುವುದು ಕೆಂಪು ಅಕ್ಷರವನ್ನೇ. ಸಕ್ಕರೆ, ಕೊಲೆಸ್ಟ್ರಾಲ್ ಬಗ್ಗೆ ಒಂದಿಷ್ಟು ಗೊತ್ತು. ಜಿಂಕ್, ಅಂದರೆ ಸತುವಿನ ಎದುರು ‘ಲೋ’ ಅಂತಿದ್ದರೆ ಮಾತ್ರ ಗಾಬರಿ. ಸುಸ್ತಿಗೂ ಕೂದಲು ಉದುರೋದಕ್ಕೂ ಇದೇ ಕಾರಣ ಅಂದುಕೊಂಡು ಫಾರ್ಮಸಿಯಿಂದ ಮಾತ್ರೆ ಡಬ್ಬಿ ತಂದುಬಿಡುತ್ತೇವೆ. ಡಬ್ಬಿ ಒಡೆಯುವ ಮೊದಲು ಇಷ್ಟು ಓದಿ.

ಸಾಮಾನ್ಯ ಮಟ್ಟ ಒಂದು ಡೆಸಿಲೀಟರಿಗೆ ಸುಮಾರು 70ರಿಂದ 120 ಮೈಕ್ರೋಗ್ರಾಂ. ಕೆಲವು ಲ್ಯಾಬ್‌ಗಳು ಮೈಕ್ರೋಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆಗ ಅದು ಸುಮಾರು 11ರಿಂದ 18. ಊರಲ್ಲಿ 80 ಇದ್ದದ್ದು ಇಲ್ಲಿ 12ಕ್ಕೆ ಇಳಿದಿದೆ ಅಂತ ಹೌಹಾರಬೇಡಿ, ಎರಡೂ ಒಂದೇ.

ದೇಹದ ಸತುವಿನ ಬಹುಪಾಲು ಇರುವುದು ಮಾಂಸಖಂಡ ಮತ್ತು ಮೂಳೆಗಳಲ್ಲಿ. ಪರೀಕ್ಷೆಗೆ ಸಿಗುವ ಸೀರಮ್‌ನಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲ. ಆ ಚೂರೂ ನಿಂತಲ್ಲಿ ನಿಲ್ಲುವುದಿಲ್ಲ. ಊಟವಾದ ಮೇಲೆ ಇಳಿಯುತ್ತದೆ, ಬೆಳಿಗ್ಗೆಗಿಂತ ಮಧ್ಯಾಹ್ನ ಕಡಿಮೆ ಇರುತ್ತದೆ. ಜ್ವರ, ಸೋಂಕು ಇದ್ದಾಗ ಲಿವರ್ ಸತುವನ್ನು ತನ್ನೊಳಗೆ ಎಳೆದುಕೊಳ್ಳುವುದರಿಂದ ರಕ್ತದಲ್ಲಿ ಇಳಿಯುತ್ತದೆ. ಡ್ಯೂಟಿ ಮುಗಿಸಿ, ಊಟ ಮಾಡಿ, ಸಂಜೆ ಹೋಗಿ ರಕ್ತ ಕೊಟ್ಟವರಿಗೆ ‘ಲೋ’ ಬಂದರೆ ಅದು ನಿಜವಾದ ಕೊರತೆ ಅಂತ ಹೇಳಲಾಗದು. ಇದಕ್ಕೆ ಉಲ್ಟಾ, ರಬ್ಬರ್ ಮುಚ್ಚಳದ ಸಾಮಾನ್ಯ ಟ್ಯೂಬಿನಿಂದಲೂ ಸತು ಬೆರೆತು ಲೆಕ್ಕ ಏರಬಹುದು. ಈ ಪರೀಕ್ಷೆಗೆ ಬೇರೆಯೇ ಟ್ಯೂಬ್ ಇದೆ. ಸಾಮಾನ್ಯವಾಗಿ ಕಡುನೀಲಿ ಮುಚ್ಚಳದ್ದು.

ಹಾಗಂತ ಕೊರತೆ ಸುಳ್ಳಲ್ಲ. ಮನುಷ್ಯರಿಗೂ ಸತುವಿನ ಕೊರತೆ ಆಗುತ್ತದೆ ಎಂಬ ಸುಳಿವು ಸಿಕ್ಕಿದ್ದು ನಮ್ಮ ಈ ಕೊಲ್ಲಿಯ ಆಚೆ ದಡದ ಇರಾನಿನಲ್ಲೇ. 1958ರಲ್ಲಿ ಶಿರಾಜ್ ನಗರದಲ್ಲಿ ಬಿಹಾರ ಮೂಲದ ಡಾ. ಆನಂದ ಪ್ರಸಾದ್ ಅವರ ಮುಂದೆ ಬಂದ 21 ವರ್ಷದ ಯುವಕ ಹತ್ತು ವರ್ಷದ ಹುಡುಗನಂತೆ ಕಾಣುತ್ತಿದ್ದ. ಅವನ ಊಟ ಹೆಚ್ಚಾಗಿ ಹುದುಗಿಸದ ಗೋಧಿ ರೊಟ್ಟಿ, ಮಾಂಸ ಅಪರೂಪ. ಧಾನ್ಯದ ಹೊಟ್ಟಿನಲ್ಲಿರುವ ಫೈಟೇಟ್ ಸತುವನ್ನು ಹಿಡಿದಿಟ್ಟು ಕರುಳಿಗೆ ದಕ್ಕಗೊಡುವುದಿಲ್ಲ. ಹುದುಗಿಸಿದರೆ, ನೆನೆಸಿ ಮೊಳಕೆ ಬರಿಸಿದರೆ ಅದು ಕಡಿಮೆಯಾಗುತ್ತದೆ. ನಮ್ಮ ದೋಸೆ ಹಿಟ್ಟು, ಮೊಳಕೆ ಹೆಸರುಕಾಳು ಇಲ್ಲಿ ಕೈಹಿಡಿಯುತ್ತವೆ ನೋಡಿ. ರೂಮಿನಲ್ಲಿ ಬರೀ ಚಪಾತಿ ಮೇಲೆ ದಿನ ತಳ್ಳುವವರು ಜೊತೆಗೆ ಮಾಂಸ, ಮೊಟ್ಟೆ, ಕಡಲೆ, ಗೋಡಂಬಿ ಯಾವುದಾದರೂ ಸೇರಿಸಿಕೊಳ್ಳಿ.

ನಮಗೆ ನಿಜವಾಗಿ ಚಿಂತೆ ಇರುವುದು ಮಾತ್ರೆಯದು. 220 ಮಿಲಿಗ್ರಾಂ ಜಿಂಕ್ ಸಲ್ಫೇಟಿನಲ್ಲಿ ಸತುವೇ 50 ಮಿಲಿಗ್ರಾಂ. ವೈದ್ಯರ ನಿಗಾ ಇಲ್ಲದೆ ದಿನಕ್ಕೆ 40 ದಾಟಬಾರದು ಎಂಬುದು ಅಮೆರಿಕದಲ್ಲಿ ವಯಸ್ಕರಿಗೆ ಇಟ್ಟಿರುವ ಮಿತಿ. ತಿಂಗಳುಗಟ್ಟಲೆ ಹೆಚ್ಚಾದರೆ ದೇಹಕ್ಕೆ ತಾಮ್ರ ದಕ್ಕುವುದಿಲ್ಲ. ರಕ್ತಹೀನತೆ, ಕಾಲು ಜೋಮು, ನಡಿಗೆಯಲ್ಲಿ ತೂರಾಟ ಶುರುವಾಗಬಹುದು. ಸುಸ್ತು ಹೋಗಲಿ ಅಂತ ನುಂಗಿದ್ದೇ ಸುಸ್ತು ತರುತ್ತದೆ! ಸ್ಕ್ಯಾಫೋಲ್ಡಿಂಗ್ ಹತ್ತುವವರಿಗೆ ಕಾಲು ಜೋಮು ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

‘ಲೋ’ ಬಂದಿದ್ದರೆ ಜ್ವರ ಪೂರ್ತಿ ವಾಸಿಯಾದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ರಕ್ತ ಕೊಡಿ. ಜೊತೆಗೆ ಆಲ್ಬುಮಿನ್, ಸಿಆರ್‌ಪಿ ಕೂಡ ನೋಡಬೇಕೇ ಅಂತ ವೈದ್ಯರನ್ನು ಕೇಳಿ. ಈಗಾಗಲೇ ಮಾತ್ರೆ ತಗೋತಿದ್ದರೆ ಆ ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡೇ ಹೋಗಿ.