ಪರೀಕ್ಷೆಯೂ ಹಸಿವೂ

ಪರೀಕ್ಷೆಯ ದಿನಗಳು ಸಮೀಪಿಸಿದಂತೆ ವಿದ್ಯಾರ್ಥಿಗಳಲ್ಲಿ ಎರಡು ಪಂಗಡಗಳು ಕಾಣಿಸಿಕೊಳ್ಳುವುದನ್ನು ನಾವೆಲ್ಲರೂ ಬಲ್ಲೆವು. ಒಂದು ಪಂಗಡದವರಿಗೆ ಊಟ ಸೇರದು. ಬಡಿಸಿದ ಅನ್ನ ತಟ್ಟೆಯಲ್ಲಿಯೇ ಆರುತ್ತದೆ. ಎರಡು ತುತ್ತು ತಿಂದು ಸಾಕೆಂದು ಕೈ ತೊಳೆದುಕೊಂಡು ಮತ್ತೆ ಪುಸ್ತಕದ ಮುಂದೆ ಕುಳಿತುಬಿಡುತ್ತಾರೆ. ಇನ್ನೊಂದು ಪಂಗಡದವರು ರಾತ್ರಿ ಹನ್ನೊಂದು ಗಂಟೆಗೆ ಎದ್ದು ಡಬ್ಬಗಳನ್ನು ತಡಕುವವರು. ಚಕ್ಕುಲಿ ಮುಗಿದರೆ ಬಿಸ್ಕತ್ತು, ಬಿಸ್ಕತ್ತು ಮುಗಿದರೆ ಬೆಲ್ಲದ ಚೂರು. ಇಬ್ಬರನ್ನೂ ಕಾರಣ ಕೇಳಿದರೆ ಬರುವ ಉತ್ತರ ಒಂದೇ: "ಪರೀಕ್ಷೆಯ ಟೆನ್ಷನ್!" ಒಂದೇ ಕಾರಣದಿಂದ ಇಂಥ ಪರಸ್ಪರ ವಿರುದ್ಧವಾದ ಎರಡು ಕಾರ್ಯಗಳು ಹುಟ್ಟುವುದೆಂತು? ಇವರಲ್ಲಿ ಯಾರಾದರೊಬ್ಬರು ಸುಳ್ಳು ಹೇಳುತ್ತಿರಬಹುದೆ?

ದಕ್ಷಿಣ ಬೆಂಗಳೂರಿನಲ್ಲಿ ಈ ಪ್ರಶ್ನೆಯನ್ನು ಕೇಳುವವರಿಗೂ ಉತ್ತರ ಕೊಡಬಲ್ಲವರಿಗೂ ಕೊರತೆಯಿಲ್ಲ. 1948ರಲ್ಲಿ ಶಂಕುಸ್ಥಾಪನೆಯಾದ ಜಯನಗರ, ಅದರ ನೆರೆಯ ಬನಶಂಕರಿ, ಜಯಪ್ರಕಾಶನಗರಗಳಲ್ಲಿ ಕಾಲೇಜುಗಳು ಹೇರಳವಾಗಿವೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಕೂಡಿಸಿಕೊಂಡು ಬಿ.ಟಿ.ಎಂ. ಎನಿಸಿದ ಬಡಾವಣೆಯಲ್ಲಿ, ಪರ ಊರುಗಳಿಂದ ಬಂದವರಿಗೆ ಊಟ ವಸತಿ ಒದಗಿಸುವ 'ಪಿ.ಜಿ.' ಮನೆಗಳು ಸಾಲುಸಾಲಾಗಿ ನಿಂತಿವೆ. ಬೆಳಗಿನ ಉಪಾಹಾರದ ವೇಳೆ ತಪ್ಪಿತೋ, ದರ್ಶಿನಿಯ ಇಡ್ಲಿ ವಡೆ. ರಾತ್ರಿಯ ಊಟ ತಪ್ಪಿತೋ, ಬೇಕರಿಯ ಪಫ್ಸು, ಇಲ್ಲವೆ ರಸ್ತೆ ಬದಿಯ ಗೋಬಿ ಮಂಚೂರಿ. ಜಯನಗರದ ಪೂರ್ವಕ್ಕೆ, ಹೊಸೂರು ರಸ್ತೆಯಲ್ಲಿ, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. 1974ರಲ್ಲಿ ಅದೂ ಅಲ್ಲಿಯ ಮಾನಸಿಕ ಆಸ್ಪತ್ರೆಯೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಮನಶ್ಶಾಸ್ತ್ರವನ್ನೋ ಪೋಷಣಶಾಸ್ತ್ರವನ್ನೋ ವ್ಯಾಸಂಗ ಮಾಡುವ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಪ್ರೌಢಪ್ರಬಂಧಕ್ಕಾಗಿ ಒಂದು ಕಟ್ಟು ಪ್ರಶ್ನಾವಳಿಗಳನ್ನು ಹಿಡಿದು ತರಗತಿಯ ಬಾಗಿಲಲ್ಲಿ ನಿಲ್ಲುವುದು ಈ ಭಾಗದ ಕಾಲೇಜುಗಳಿಗೆ ಹೊಸ ನೋಟವಲ್ಲ. ಕೇಳುವವನೂ ವಿದ್ಯಾರ್ಥಿ, ಉತ್ತರಿಸುವವನೂ ವಿದ್ಯಾರ್ಥಿ. ಪರೀಕ್ಷೆಯ ಭಯ ಇಬ್ಬರಿಗೂ ಸಮಾನ.

ಈ ವಿಷಯದ ಒಂದು ಸುಳಿವು ದೊರೆತದ್ದೂ ಒಬ್ಬ ವಿದ್ಯಾರ್ಥಿಗೇ. ರಂಟ್‌ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದದ್ದು 1895ರ ಕೊನೆಯಲ್ಲಿ. ಮರುವರ್ಷವೇ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಮೊದಲ ವರ್ಷದಲ್ಲಿ ಓದುತ್ತಿದ್ದ ವಾಲ್ಟರ್ ಕ್ಯಾನನ್ ಆ ಕಿರಣಗಳಿಂದ ಪ್ರಾಣಿಗಳ ಅನ್ನಮಾರ್ಗವನ್ನು ನೋಡತೊಡಗಿದ. ಬಿಸ್ಮತ್ ಲವಣ ಬೆರೆಸಿದ ಆಹಾರವನ್ನು ಬೆಕ್ಕಿಗೆ ತಿನ್ನಿಸಿದರೆ ಅದರ ಜಠರ ನೆರಳಿನಂತೆ ಕಾಣುತ್ತಿತ್ತು. ಜಠರದ ಗೋಡೆಯ ಮೇಲೆ ಅಲೆಗಳು ಒಂದರ ಹಿಂದೊಂದು ಸಾಗುವುದು ಸ್ಪಷ್ಟವಾಗಿ ತೋರುತ್ತಿತ್ತು. ಆದರೆ ಬೆಕ್ಕು ಬೆದರಿದೊಡನೆ ಅಥವಾ ಸಿಟ್ಟಾದೊಡನೆ ಅಲೆಗಳು ತಟ್ಟನೆ ನಿಂತುಬಿಡುತ್ತಿದ್ದವು. ಬೆನ್ನು ಸವರಿ ಸಮಾಧಾನಪಡಿಸಿದರೆ ಮತ್ತೆ ಆರಂಭ! ಮನಸ್ಸಿನ ಕಳವಳ ಹೊಟ್ಟೆಯನ್ನು ನಿಲ್ಲಿಸುವುದನ್ನು ಆತ ಕಣ್ಣಾರೆ ಕಂಡ. ಆ ಕಿರಣಗಳ ಅಪಾಯ ಆಗಿನ್ನೂ ಯಾರಿಗೂ ಚೆನ್ನಾಗಿ ತಿಳಿದಿರಲಿಲ್ಲ. ರಕ್ಷಣೆಯಿಲ್ಲದೆ ದುಡಿದುದರ ಫಲವನ್ನು ಕ್ಯಾನನ್ ಮುಂದೆ ತನ್ನ ಚರ್ಮದ ಮೇಲೆಯೇ ಅನುಭವಿಸಬೇಕಾಯಿತು.

ಪ್ರಾಧ್ಯಾಪಕನಾದ ಮೇಲೆ ಕ್ಯಾನನ್ ತನ್ನ ಶಿಷ್ಯರನ್ನೂ ಬಿಡಲಿಲ್ಲ. ಒಂಬತ್ತು ಮಂದಿ ವೈದ್ಯ ವಿದ್ಯಾರ್ಥಿಗಳ ಮೂತ್ರವನ್ನು ಪರೀಕ್ಷೆಗೆ ಮೊದಲೂ ಅನಂತರವೂ ಪರಿಶೀಲಿಸಲಾಯಿತು. ಕಠಿಣವಾದ ಪರೀಕ್ಷೆಯೊಂದರ ಬಳಿಕ ನಾಲ್ವರ ಮೂತ್ರದಲ್ಲಿ ಸಕ್ಕರೆ ಕಾಣಿಸಿತು. ಸುಲಭವಾದ ಪರೀಕ್ಷೆಯ ಬಳಿಕ ಒಬ್ಬನದರಲ್ಲಿ ಮಾತ್ರ. 1913ರಲ್ಲಿ ಹಾರ್ವರ್ಡಿನ ಫುಟ್‌ಬಾಲ್ ತಂಡದ 25 ಆಟಗಾರರನ್ನು ಒಂದು ರೋಮಾಂಚಕಾರಿ ಪಂದ್ಯದ ನಂತರ ಪರೀಕ್ಷಿಸಿದಾಗ 12 ಮಂದಿಯಲ್ಲಿ ಸಕ್ಕರೆ ಇತ್ತು. ಈ ಹನ್ನೆರಡು ಮಂದಿಯಲ್ಲಿ ಐವರು ಮೈದಾನಕ್ಕೆ ಇಳಿದವರೇ ಅಲ್ಲ! ಕರೆ ಬಂದೀತೆಂದು ಅಂಚಿನಲ್ಲಿ ಕಾಯುತ್ತ ಕುಳಿತವರು. ಓಡದಿದ್ದರೂ ಅವರ ದೇಹ ಓಟಕ್ಕೆ ಅಣಿಯಾಗಿತ್ತು.

ಇದು ನಡೆಯುವ ಬಗೆ ಹೀಗೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳ ತಿರುಳಿನಿಂದ ಅಡ್ರಿನಲಿನ್ ಎಂಬ ಹಾರ್ಮೋನು ಕೆಲವೇ ಕ್ಷಣಗಳಲ್ಲಿ ರಕ್ತವನ್ನು ಸೇರುತ್ತದೆ. ಯಕೃತ್ತು ತನ್ನ ಭಂಡಾರದ ಸಕ್ಕರೆಯನ್ನು ಹೊರಕ್ಕೆ ಬಿಡುತ್ತದೆ, ಎದೆ ಬಡಿದುಕೊಳ್ಳುತ್ತದೆ, ರಕ್ತ ಹೊಟ್ಟೆಯನ್ನು ಬಿಟ್ಟು ಸ್ನಾಯುಗಳ ಕಡೆಗೆ ಹರಿಯುತ್ತದೆ. ಹುಲಿ ಎದುರಿಗೆ ನಿಂತಾಗ ಜೀರ್ಣಕ್ರಿಯೆಗೆ ಅವಸರವೇನು? ಪ್ರಶ್ನಪತ್ರಿಕೆಯೂ ಹುಲಿಯೂ ದೇಹದ ಪಾಲಿಗೆ ಬಹುಮಟ್ಟಿಗೆ ಒಂದೇ. ಊಟ ಸೇರದವರ ಮಾತು, ಹೀಗೆ, ನಿಜ.

ಆದರೆ ಪರೀಕ್ಷೆಯ ಭಯ ಹುಲಿಯಂತೆ ಒಂದು ಗಳಿಗೆ ನಿಂತು ಹೋಗಿಬಿಡುವುದಿಲ್ಲ. ವಾರಗಟ್ಟಲೆ ಮನೆಯಲ್ಲಿಯೇ ತಂಗುತ್ತದೆ. ಆಗ ಅದೇ ಗ್ರಂಥಿಯ ತೊಗಟೆಯಿಂದ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಹೊರಡುತ್ತದೆ. ಇದರ ನಡೆ ನಿಧಾನ: ರಕ್ತದಲ್ಲಿ ಶಿಖರ ಮುಟ್ಟಲು ಇಪ್ಪತ್ತು ಮೂವತ್ತು ನಿಮಿಷಗಳು ಬೇಕು. ಖರ್ಚಾದ ಶಕ್ತಿಯನ್ನು ಮತ್ತೆ ತುಂಬಿಕೊಳ್ಳಬೇಕೆಂಬುದು ಇದರ ಆಜ್ಞೆ. ಹಸಿವು ಮರಳುತ್ತದೆ, ಅದರಲ್ಲಿಯೂ ಸಿಹಿಯ ಕಡೆಗೆ, ಜಿಡ್ಡಿನ ಕಡೆಗೆ ಮನಸ್ಸು ವಾಲುತ್ತದೆ. ಇದರೊಡನೆ ನಿದ್ದೆಗೇಡು ಬೇರೆ. ಷಿಕಾಗೊ ವಿಶ್ವವಿದ್ಯಾನಿಲಯದವರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತರಾದ 12 ಮಂದಿ ತರುಣರನ್ನು ಒಮ್ಮೆ ಎರಡು ರಾತ್ರಿ ಹತ್ತು ಹತ್ತು ಗಂಟೆ, ಇನ್ನೊಮ್ಮೆ ಎರಡು ರಾತ್ರಿ ನಾಲ್ಕು ನಾಲ್ಕು ಗಂಟೆ ಮಾತ್ರ ಮಲಗಿಸಿ ನೋಡಿದರು. ನಿದ್ದೆ ಕೆಟ್ಟಾಗ, ತೃಪ್ತಿಯನ್ನು ಸಾರುವ ಲೆಪ್ಟಿನ್ ಶೇಕಡ 18ರಷ್ಟು ಇಳಿದಿತ್ತು. ಹಸಿವನ್ನು ಸಾರುವ ಗ್ರೆಲಿನ್ ಶೇಕಡ 28ರಷ್ಟು ಏರಿತ್ತು. ತಮಗಾದ ಹಸಿವನ್ನು ಅವರೇ ಅಳೆದು ಹೇಳಿದಾಗ ಅದು ಶೇಕಡ 24ರಷ್ಟು ಹೆಚ್ಚಿತ್ತು. ರಾತ್ರಿ ಹನ್ನೊಂದಕ್ಕೆ ಡಬ್ಬ ತಡಕುವವರ ಮಾತೂ ನಿಜವೇ.

ಇಬ್ಬರದೂ ನಿಜವೆಂದಾಗ ನಮ್ಮ ಪ್ರಶ್ನಾವಳಿಯ ವಿದ್ಯಾರ್ಥಿಗೆ ಕಷ್ಟ ಮೊದಲಾಗುತ್ತದೆ. ಹತ್ತು ಮಂದಿಯನ್ನು ಊಹಿಸಿಕೊಳ್ಳೋಣ. ಪ್ರತಿಯೊಬ್ಬರೂ ಸಾಮಾನ್ಯ ದಿನಗಳಲ್ಲಿ 2,000 ಕ್ಯಾಲೊರಿಯಷ್ಟು ಆಹಾರ ತಿನ್ನುವವರು. ಪರೀಕ್ಷೆ ಬಂದಾಗ ಐವರು 500 ಕ್ಯಾಲೊರಿ ಹೆಚ್ಚು ತಿಂದರು, ಐವರು 500 ಕಡಮೆ ತಿಂದರು. ಸರಾಸರಿ ತೆಗೆಯಿರಿ: ಅದೇ 2,000! "ಪರೀಕ್ಷೆಯಿಂದ ಆಹಾರದಲ್ಲಿ ಯಾವ ವ್ಯತ್ಯಾಸವೂ ಆಗುವುದಿಲ್ಲ" ಎಂದು ಪ್ರಬಂಧ ಸಾರುತ್ತದೆ. ಊಟ ಬಿಟ್ಟು ಸೊರಗುತ್ತಿರುವ ಹುಡುಗಿಯೂ, ನಡುರಾತ್ರಿ ತಿಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಿರುವ ಹುಡುಗನೂ ಆ ಸರಾಸರಿಯ ಮರೆಯಲ್ಲಿ ಕಾಣದಂತಾಗುತ್ತಾರೆ. ಲೆಕ್ಕ ತಪ್ಪಿಲ್ಲ, ಹೇಳಿಕೆ ಮಾತ್ರ ಶುದ್ಧ ತಪ್ಪು. ಇದು ಬರಿಯ ಊಹೆಯೂ ಅಲ್ಲ. ಲಂಡನ್ನಿನಲ್ಲಿ 68 ಮಂದಿಯ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅರ್ಧ ಜನರಿಗೆ ಊಟವಾದ ಮೇಲೆ ಭಾಷಣ ಮಾಡಬೇಕೆಂದು ಹೇಳಿ ದಿಗಿಲು ಹುಟ್ಟಿಸಿದರು. ಒಟ್ಟು ತಿಂದ ಪ್ರಮಾಣದಲ್ಲಿ ಗುಂಪು ಗುಂಪಿಗೆ ಅಂತರ ಕಾಣಲಿಲ್ಲ. ಮನಸ್ಸು ಕೆಟ್ಟಾಗ ತಿನ್ನುವ ಅಭ್ಯಾಸವುಳ್ಳವರನ್ನು ಬೇರ್ಪಡಿಸಿ ನೋಡಿದಾಗಲೇ, ದಿಗಿಲುಗೊಂಡ ಅವರು ಸಿಹಿಯನ್ನೂ ಜಿಡ್ಡನ್ನೂ ಹೆಚ್ಚಾಗಿ ಆರಿಸಿಕೊಂಡದ್ದು ಬೆಳಕಿಗೆ ಬಂದಿತು.

ಇನ್ನು ಭಾಷೆಯ ತೊಡಕು. ಮನಸ್ಸಿನ ಒತ್ತಡವನ್ನು ಅಳೆಯಲು ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು 1983ರಲ್ಲಿ ಹದಿನಾಲ್ಕು ಪ್ರಶ್ನೆಗಳ ಒಂದು ಮಾಪಕವನ್ನು ರಚಿಸಿದರು. ಹತ್ತು ಪ್ರಶ್ನೆಗಳ ರೂಪ ಇಂದು ಎಲ್ಲೆಡೆ ಬಳಕೆಯಲ್ಲಿದೆ. ಕಳೆದ ಒಂದು ತಿಂಗಳಲ್ಲಿ ಹೀಗೆನಿಸಿತೆ, ಹಾಗೆನಿಸಿತೆ ಎಂದು ಕೇಳಿ, ಪ್ರತಿ ಉತ್ತರಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುತ್ತಾರೆ. (ಈ ಅಂಕ ರೋಗದ ಹೆಸರಲ್ಲ, ಮೂವತ್ತು ಬಂದವರು ರೋಗಿಗಳೆಂದು ಯಾರೂ ತಿಳಿಯಬಾರದು.) ಇಂಗ್ಲಿಷಿನ ಹಾಳೆಯನ್ನು ಬನಶಂಕರಿಯ ಮೊದಲ ವರ್ಷದ ಬಿ.ಕಾಂ. ತರಗತಿಯಲ್ಲಿ ಹಂಚಿದರೆ, ಹಳ್ಳಿಯ ಶಾಲೆಯಿಂದ ಬಂದ ಹುಡುಗ ನೆರೆಯವನ ಹಾಳೆ ನೋಡಿ ಗುರುತು ಹಾಕಿಯಾನು. ಕನ್ನಡಿಸಿದರೂ ಕೆಲಸ ಮುಗಿಯದು. 'ಒತ್ತಡ' ಎಂಬುದು ಪುಸ್ತಕದ ಮಾತು. ವಿದ್ಯಾರ್ಥಿಗಳು ಆಡುವುದು 'ಟೆನ್ಷನ್' ಎಂದು, 'ತಲೆ ಕೆಟ್ಟುಹೋಗಿದೆ' ಎಂದು. ಅಲ್ಲದೆ ಕನ್ನಡಿಗರು ಮನಸ್ಸಿನ ಸಂಗತಿಗಳಿಗೆ ಹೊಟ್ಟೆಯನ್ನು ಆಶ್ರಯಿಸಿದಷ್ಟು ಬೇರೆ ಅಂಗವನ್ನು ಆಶ್ರಯಿಸಿದಂತೆ ತೋರದು: ಹೊಟ್ಟೆ ಉರಿಯುತ್ತದೆ, ಹೊಟ್ಟೆ ತೊಳಸುತ್ತದೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದ ಎಚ್ಚರವುಳ್ಳ ಸಂಶೋಧಕರು ಒಬ್ಬರಿಂದ ಕನ್ನಡಕ್ಕೆ ತರಿಸಿ, ಮೂಲವನ್ನು ನೋಡದ ಇನ್ನೊಬ್ಬರಿಂದ ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಿ ನೋಡುತ್ತಾರೆ.

ತಿಂದದ್ದನ್ನು ನೆನೆದು ಹೇಳುವುದಂತೂ ಇನ್ನೂ ನೆಚ್ಚಲಾಗದ ಕೆಲಸ. ನಿನ್ನೆ ಬೆಳಗಿನಿಂದ ಏನೇನು ತಿಂದಿರಿ ಎಂದು ಕೇಳಿದರೆ ಅನ್ನ, ಸಾರು, ಚಪಾತಿ ನೆನಪಾಗುತ್ತವೆ. ಮಾತಿನ ಮಧ್ಯೆ ಬಾಯಿಗೆ ಹೋದ ಚುರುಮುರಿ, ಮೂರನೆಯ ಲೋಟ ಕಾಫಿಯ ಸಕ್ಕರೆ ನೆನಪಾಗುವುದಿಲ್ಲ. ಈ ಮರೆವನ್ನು ಹಿಡಿಯಲು ಒಂದು ಜಾಣ ಉಪಾಯವುಂಟು. ಭಾರವಾದ ಜಲಜನಕವನ್ನೂ ಭಾರವಾದ ಆಮ್ಲಜನಕವನ್ನೂ ಒಳಗೊಂಡ ನೀರನ್ನು ಕುಡಿಸುತ್ತಾರೆ, ಅದರಿಂದ ಅಪಾಯವಿಲ್ಲ. ಭಾರದ ಜಲಜನಕ ದೇಹದಿಂದ ನೀರಾಗಿ ಮಾತ್ರ ಹೊರಹೋಗುತ್ತದೆ. ಭಾರದ ಆಮ್ಲಜನಕ ನೀರಾಗಿಯೂ, ಉಸಿರಿನ ಇಂಗಾಲದ ಡೈ ಆಕ್ಸೈಡಾಗಿಯೂ ಹೋಗುತ್ತದೆ. ಎರಡೂ ಕಡಮೆಯಾಗುವ ವೇಗಗಳ ಅಂತರದಿಂದ ದೇಹ ಎಷ್ಟು ಇಂಗಾಲದ ಡೈ ಆಕ್ಸೈಡನ್ನು ಹೊರಬಿಟ್ಟಿತೆಂಬುದೂ, ಅದರಿಂದ ಎಷ್ಟು ಶಕ್ತಿ ವ್ಯಯವಾಯಿತೆಂಬುದೂ ತಿಳಿಯುತ್ತದೆ. ತೂಕ ಏರದೆ ಇಳಿಯದೆ ಇರುವವನು ವ್ಯಯ ಮಾಡಿದಷ್ಟನ್ನು ತಿಂದಿರಲೇಬೇಕಷ್ಟೆ! ಈ ವಿಧಾನವನ್ನು ಮನುಷ್ಯರ ಮೇಲೆ ಮೊದಲು ಬಳಸಿದ್ದು 1982ರಲ್ಲಿ, ಬಿ.ಟಿ.ಎಂ. ಬಡಾವಣೆಗೆ ನೆರೆಯಾದ ಕೋರಮಂಗಲದ ಸೇಂಟ್ ಜಾನ್ಸ್ ಸಂಶೋಧನ ಸಂಸ್ಥೆಯಲ್ಲಿಯೂ ಇದರಿಂದ ಅಧ್ಯಯನಗಳು ನಡೆದಿವೆ. ಜನರು ತಾವು ತಿಂದದ್ದನ್ನು ಕಡಮೆ ಮಾಡಿ ಹೇಳುತ್ತಾರೆಂಬುದು ಇದರಿಂದ ಪದೇ ಪದೇ ಸಿದ್ಧವಾಗಿದೆ. ಆದರೆ ಆ ನೀರು ಬಲು ದುಬಾರಿ. ಸ್ನಾತಕೋತ್ತರ ವಿದ್ಯಾರ್ಥಿಯ ಕೈಗೆ ಎಟುಕುವುದು ಕಾಗದ ಮತ್ತು ಲೇಖನಿ ಮಾತ್ರ.

'ಬೆಳಗಿನ ಉಪಾಹಾರವನ್ನು ಬಿಟ್ಟಿರಾ?' ಎಂಬ ಸರಳ ಪ್ರಶ್ನೆಯನ್ನೇ ನೋಡಿ. ಬಿಟ್ಟೆ ಎಂದು ಗುರುತು ಹಾಕಿದವರಲ್ಲಿ ಒಬ್ಬಳಿಗೆ ಅಂದು ಸಂಕಷ್ಟಿಯ ಉಪವಾಸ. ಒಬ್ಬನಿಗೆ ಬಸ್ಸು ತಪ್ಪೀತೆಂಬ ಅವಸರ. ಒಬ್ಬಳಿಗೆ ತೂಕ ಇಳಿಸುವ ಹಟ. ಇನ್ನೊಬ್ಬನಿಗೆ ತಿಂಗಳ ಕೊನೆ. ಜೇಬಿನಲ್ಲಿ ಹಣವಿಲ್ಲ, ಅದನ್ನು ಬರೆಯಲು ನಾಚಿಕೆ. ಇವರೆಲ್ಲರನ್ನೂ ಒಂದೇ ಕಂಬಸಾಲಿನಲ್ಲಿ ಸೇರಿಸಿ 'ಒತ್ತಡದಿಂದ ಉಪಾಹಾರ ಬಿಟ್ಟವರು' ಎಂದು ಕರೆದರೆ ಹಸಿದವನಿಗೆ ಧ್ಯಾನದ ಪಾಠ ಹೇಳಿದಂತಾದೀತು. ನಮ್ಮ ಅಭಿಪ್ರಾಯದಲ್ಲಿ ಇಂಥ ಪ್ರಬಂಧಗಳ ದೊಡ್ಡ ಕೊರತೆ ಇದೇ. ಕಳವಳಗೊಂಡವರು ಊಟ ಬಿಡುತ್ತಾರೆಯೇ, ಊಟ ಬಿಟ್ಟದ್ದರಿಂದಲೇ ಕಳವಳ ಹೆಚ್ಚಿತೇ ಎಂಬುದೂ ಒಂದು ದಿನ ಹಂಚಿ ಒಂದೇ ದಿನ ಸಂಗ್ರಹಿಸಿದ ಹಾಳೆಗಳಿಂದ ತಿಳಿಯುವುದಿಲ್ಲ.

ಹಾದಿ ಇಲ್ಲದಿಲ್ಲ. ಅದೇ ವ್ಯಕ್ತಿಯನ್ನು ಎರಡು ಸಲ ನೋಡಬೇಕು. ಷಿಕಾಗೊದ ತರುಣರನ್ನು ನೋಡಿದ್ದೂ ಹಾಗೆಯೇ. ಅಮೆರಿಕದ ಒಹಾಯೊ ಸಂಸ್ಥಾನದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದಂತವೈದ್ಯ ವಿದ್ಯಾರ್ಥಿಗಳು ಹನ್ನೊಂದೇ ಮಂದಿ. ಪ್ರತಿಯೊಬ್ಬರ ಅಂಗುಳಿನ ಮೇಲೆ ಬೇಸಗೆಯ ರಜೆಯಲ್ಲೊಮ್ಮೆ, ಪರೀಕ್ಷೆಗೆ ಮೂರು ದಿನ ಮೊದಲೊಮ್ಮೆ, ಮೂರೂವರೆ ಮಿಲಿಮೀಟರಿನ ಸಣ್ಣ ಗಾಯ ಮಾಡಿದರು. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ, ಎಂದರೆ ಶೇಕಡ 40ರಷ್ಟು, ಹೆಚ್ಚು ಹಿಡಿಯಿತು. ರಜೆಯಲ್ಲಿ ವಾಸಿಯಾದಷ್ಟು ಬೇಗ ಪರೀಕ್ಷೆಯಲ್ಲಿ ವಾಸಿಯಾದವರು ಒಬ್ಬರೂ ಇರಲಿಲ್ಲ. ಹನ್ನೊಂದು ಮಂದಿಯಿಂದ ಇಷ್ಟು ಖಚಿತವಾದ ಉತ್ತರ ದೊರೆತದ್ದು, ಪ್ರತಿಯೊಬ್ಬರನ್ನೂ ಅವರೊಡನೆಯೇ ಹೋಲಿಸಿದ್ದರಿಂದ. ಜಯನಗರದ ಸಂಶೋಧಕಿಗೆ ಯಾರ ಅಂಗುಳನ್ನೂ ಗಾಯಗೊಳಿಸುವ ಅಗತ್ಯವಿಲ್ಲ. ಸೆಮಿಸ್ಟರಿನ ಆರಂಭದಲ್ಲೊಮ್ಮೆ, ಪರೀಕ್ಷೆಯ ವಾರದಲ್ಲೊಮ್ಮೆ ಅದೇ ಹಾಳೆಗಳನ್ನು ಅದೇ ಮಂದಿಗೆ ಕೊಟ್ಟರೆ, ಯಾರ ಹಸಿವು ಏರಿತು, ಯಾರದು ಇಳಿಯಿತು ಎಂಬುದು ಸರಾಸರಿಯಲ್ಲಿ ಮುಳುಗದೆ ತೇಲುತ್ತದೆ.

ಇದಕ್ಕೆ ಮುನ್ನ ಕೆಲವು ಕಟ್ಟಳೆಗಳುಂಟು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ 2017ರಲ್ಲಿ ಹೊರಡಿಸಿದ ನೀತಿಸೂತ್ರಗಳಂತೆ, ಹದಿನೆಂಟು ತುಂಬದವರನ್ನು ಕೇಳಬೇಕಾದರೆ ತಂದೆತಾಯಿಗಳ ಒಪ್ಪಿಗೆ ಬೇಕು, ಪಿ.ಯು.ಸಿ. ಓದುವವರಲ್ಲಿ ಬಹಳ ಮಂದಿ ಆ ವಯಸ್ಸಿನವರು. ಇಷ್ಟವಿಲ್ಲದಿದ್ದರೆ ನಡುವೆ ಎದ್ದುಹೋಗುವ ಹಕ್ಕು ಎಲ್ಲರಿಗೂ ಇದೆ. ಅಧ್ಯಾಪಕರು ಎದುರಿಗೇ ನಿಂತಿದ್ದರೆ ಆ ಹಕ್ಕಿಗೆ ಬೆಲೆಯಿಲ್ಲವೆಂಬುದನ್ನು ಸಂಶೋಧಕರು ಮರೆಯಬಾರದು. ದಿನಗಟ್ಟಲೆ ಊಟ ಬಿಟ್ಟವರ, ಬದುಕು ಬೇಡವೆನಿಸಿದೆಯೆಂದು ಬರೆದವರ ಹಾಳೆ ಕೈಗೆ ಬಂದರೆ ಏನು ಮಾಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿರಬೇಕು. ನಿಮ್ಹಾನ್ಸಿನ ನೆರವಿನಿಂದ 2022ರ ಅಕ್ಟೋಬರಿನಲ್ಲಿ ದೇಶಾದ್ಯಂತ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೆನ್ನದೆ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರತಿ ಪ್ರಶ್ನಾವಳಿಯ ಕೊನೆಯ ಪುಟದಲ್ಲಿ ಈ ಸಂಖ್ಯೆ ಅಚ್ಚಾಗಿರುವುದು ಲೇಸು.

ಎರಡನೆಯ ಸಲ ಹಾಳೆ ಹಂಚುವಾಗ ಇನ್ನೊಂದು ಸಂಗತಿ ತಿಳಿಯುತ್ತದೆ. ಮೊದಲ ಸಲ ನೂರು ಮಂದಿ ಬರೆದಿದ್ದರೆ ಈಗ ಅಷ್ಟು ಮಂದಿ ಇರುವುದಿಲ್ಲ. ಕೆಲವರು ಊರಿಗೆ ಹೋಗಿರುತ್ತಾರೆ, ಕೆಲವರಿಗೆ ಜ್ವರ, ಕೆಲವರು ತರಗತಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ಯಾರ ಉತ್ತರ ನಮಗೆ ಎಲ್ಲಕ್ಕಿಂತ ಅಗತ್ಯವಾಗಿತ್ತೋ ಅವರೇ ಹೀಗೆ ತಪ್ಪಿಸಿಕೊಂಡಿರುವ ಸಂಭವ ಹೆಚ್ಚು. ಬಂದವರ ಹಾಳೆಗಳನ್ನಷ್ಟೇ ಎಣಿಸಿ ಪ್ರಬಂಧವನ್ನು ಮುಗಿಸುವುದು ಸುಲಭ. ಮೊದಲ ಸಲದ ಪಟ್ಟಿಯನ್ನು ತೆರೆದು, ಬಾರದವರ ಹೆಸರುಗಳ ಮುಂದೆ ಗುರುತು ಮಾಡಿಕೊಂಡು, ಒಬ್ಬೊಬ್ಬರನ್ನೇ ವಿಚಾರಿಸಿಕೊಂಡು ಪಿ.ಜಿ. ಮನೆಯ ಮೂರನೆಯ ಮಹಡಿಯವರೆಗೆ ಹತ್ತಿಹೋಗುವವರೂ ಇದ್ದಾರೆ.