ಟೇಪು ಉಳಿಯಿತು, ಓದುವ ಯಂತ್ರ ಎಲ್ಲಿ?

ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ನಾಸಾದ ಏಮ್ಸ್ ಸಂಶೋಧನಾ ಕೇಂದ್ರದ ಆವರಣದಲ್ಲಿ ಮೆಕ್‌ಡೊನಾಲ್ಡ್ಸ್ ಹೋಟೆಲೊಂದು ಬಾಗಿಲು ಮುಚ್ಚಿತ್ತು. 2008ರಲ್ಲಿ ಅದು ಮತ್ತೆ ತೆರೆಯಿತು, ಆದರೆ ಬರ್ಗರ್ ಮಾರುವುದಕ್ಕಲ್ಲ. ಗಿರಾಕಿಗಳು ಕೂರುತ್ತಿದ್ದ ಜಾಗದಲ್ಲಿ ಟೇಪಿನ ಡಬ್ಬಗಳನ್ನು ಸಾಲಾಗಿ ಪೇರಿಸಿದ್ದರು. ಪಕ್ಕದಲ್ಲಿ ಫ್ರಿಜ್ಜಿಗಿಂತ ದೊಡ್ಡದಾದ ಹಳೆಯ ಯಂತ್ರಗಳನ್ನು ಬಿಚ್ಚಿಟ್ಟುಕೊಂಡು ಕೆಲವರು ಬೆಸುಗೆ ಹಾಕುತ್ತಿದ್ದರು. ನಲವತ್ತು ವರ್ಷಗಳ ಹಿಂದಿನ ಚಂದ್ರನ ಚಿತ್ರಗಳನ್ನು ಆ ಟೇಪುಗಳಿಂದ ಹೊರತೆಗೆಯುವುದು ಅವರ ಕೆಲಸ.

ಸರ್ಕಾರಿ ಇಲಾಖೆಯ ದಾಖಲೆ ಹೇಗೆ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂದು ತಿಳಿಯಬೇಕಾದವರು ಈ ಹೋಟೆಲಿನ ಕಥೆ ಕೇಳಬೇಕು.

ಗ್ಯಾರೇಜು ಸೇರಿದ ಯಂತ್ರಗಳು

ಮನುಷ್ಯ ಚಂದ್ರನ ಮೇಲೆ ಇಳಿಯುವ ಮೊದಲು, ಎಲ್ಲಿ ಇಳಿದರೆ ಕ್ಷೇಮ ಎಂದು ನೋಡಲು ನಾಸಾ 1966 ಮತ್ತು 1967ರಲ್ಲಿ ಐದು ಲೂನಾರ್ ಆರ್ಬಿಟರ್ ನೌಕೆಗಳನ್ನು ಕಳಿಸಿತು. ಅವು ಫಿಲ್ಮಿನಲ್ಲಿ ಫೋಟೊ ತೆಗೆದು, ನೌಕೆಯೊಳಗೇ ಅದನ್ನು ಸಂಸ್ಕರಿಸಿ, ಗೆರೆಗೆರೆಯಾಗಿ ಸ್ಕ್ಯಾನ್ ಮಾಡಿ ಭೂಮಿಗೆ ರವಾನಿಸಿದವು. ಇಲ್ಲಿ ಆ ಸಂಕೇತಗಳನ್ನು ಆಂಪೆಕ್ಸ್ ಎಫ್‌ಆರ್-900 ಎಂಬ ಯಂತ್ರಗಳಲ್ಲಿ ಎರಡು ಇಂಚು ಅಗಲದ ಟೇಪುಗಳಿಗೆ ತುಂಬಿಸಿಕೊಂಡರು. ಸುಮಾರು 1500 ಟೇಪುಗಳಾದವು. ಅಪೊಲೊ ಯಾತ್ರೆ ಮುಗಿದ ಮೇಲೆ ಅವನ್ನು ಕೇಳುವವರಿರಲಿಲ್ಲ.

1980ರ ದಶಕದಲ್ಲಿ ಈ ಟೇಪುಗಳನ್ನು ಏನು ಮಾಡುವುದೆಂಬ ಪ್ರಶ್ನೆ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ನ್ಯಾನ್ಸಿ ಇವಾನ್ಸ್ ಅವರ ಮೇಜಿಗೆ ಬಂತು. ಎಸೆಯಲು ಅವರು ಒಪ್ಪಲಿಲ್ಲ. ಆದರೆ ಟೇಪು ಇದ್ದರೆ ಸಾಲದು, ಓದುವ ಯಂತ್ರ ಬೇಕು. ಅಷ್ಟು ಹೊತ್ತಿಗೆ ಎಫ್‌ಆರ್-900 ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ವಾಯುಪಡೆ ಬೇಡವೆಂದು ಕೈಬಿಟ್ಟಿದ್ದ ಕೆಲವು ಯಂತ್ರಗಳನ್ನು ಇವಾನ್ಸ್ ಹುಡುಕಿ ತರಿಸಿಕೊಂಡರು. ದುರಸ್ತಿಗೆ ಹಣ ಹುಟ್ಟಲಿಲ್ಲ. ಕೊನೆಗೆ ಅವು ಅವರ ಮನೆಯ ಗ್ಯಾರೇಜು ಸೇರಿದವು. ಇವಾನ್ಸ್ ನಿವೃತ್ತರಾದರು. ಯಂತ್ರಗಳು ಮಾತ್ರ ಗ್ಯಾರೇಜು ಬಿಟ್ಟು ಕದಲಲಿಲ್ಲ.

ಎರಡು ದಶಕಗಳ ಬಳಿಕ ಡೆನ್ನಿಸ್ ವಿಂಗೊ ಮತ್ತು ಕೀತ್ ಕೋವಿಂಗ್ ಎಂಬಿಬ್ಬರು ಈ ಸುದ್ದಿ ತಿಳಿದು, ಲಾರಿ ಮಾಡಿಕೊಂಡು ಹೋಗಿ ಯಂತ್ರಗಳನ್ನು ಏಮ್ಸ್‌ಗೆ ತಂದರು. ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ಒಂದು ಯಂತ್ರದಿಂದ ಕಿತ್ತು ಇನ್ನೊಂದಕ್ಕೆ ಜೋಡಿಸಿದರು. ಟೇಪಿಗೆ ತಾಗಿ ತಿರುಗುವ ಹೆಡ್ಡು ಸವೆದುಹೋಗಿತ್ತು, ಅದನ್ನು ಸರಿಪಡಿಸಬಲ್ಲ ಕೈಗಳು ಬೆರಳೆಣಿಕೆಯಷ್ಟೇ ಉಳಿದಿದ್ದವು. ಹಳೆಯ ಕೈಪಿಡಿಗಳನ್ನು ಹುಡುಕಿ ಓದಿದರು. 2008ರ ನವೆಂಬರಿನಲ್ಲಿ ಮೊದಲ ಚಿತ್ರ ಹೊರಬಂತು. ಚಂದ್ರನ ಅಂಚಿನಾಚೆ ಮೇಲೇಳುತ್ತಿರುವ ಭೂಮಿಯನ್ನು 1966ರ ಆಗಸ್ಟ್ 23ರಂದು ಮೊದಲ ಆರ್ಬಿಟರ್ ಸೆರೆಹಿಡಿದ ಚಿತ್ರವದು. ಅರವತ್ತರ ದಶಕದಲ್ಲಿ ಜಗತ್ತು ನೋಡಿದ ಮುದ್ರಿತ ಪ್ರತಿಗಿಂತ ಇದು ಎಷ್ಟೋ ಸ್ಪಷ್ಟವಾಗಿತ್ತು. ಆ ಸ್ಪಷ್ಟತೆ ಅಷ್ಟೂ ವರ್ಷ ಟೇಪಿನಲ್ಲೇ ಇತ್ತು.

ಎಲ್ಲ ಟೇಪುಗಳಿಗೂ ಇಂಥ ಅದೃಷ್ಟ ಇರಲಿಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನು ವರ್ಷಗಟ್ಟಲೆ ಹುಡುಕಿಸಿದ ನಾಸಾ, ಅವುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರಬೇಕು ಎಂಬ ತೀರ್ಮಾನಕ್ಕೆ 2009ರಲ್ಲಿ ಬಂತು. ಟಿವಿಯಲ್ಲಿ ಪ್ರಸಾರವಾದ ಪ್ರತಿಗಳು ಇದ್ದುದರಿಂದ ಆ ದೃಶ್ಯ ನಮಗೆ ಉಳಿದಿದೆ.

ಮಾಹಿತಿಗಿಂತ ಮೊದಲು ಸಾಯುವುದು ಯಂತ್ರ

ದಾಖಲೆ ಹಾಳಾಗುವುದೆಂದರೆ ಗೆದ್ದಲು, ಮಳೆ, ಬೆಂಕಿ ಎಂದು ನಾವು ತಿಳಿದಿದ್ದೇವೆ. ಕಂಪ್ಯೂಟರ್ ದಾಖಲೆಗೆ ಇನ್ನೊಂದು ಸಾವಿದೆ. ದಾಖಲೆ ನೆಟ್ಟಗೇ ಇರುತ್ತದೆ, ಓದುವ ಸಾಧನ ಇರುವುದಿಲ್ಲ. ಬ್ಯಾಂಕುಗಳೂ ಸರ್ಕಾರಗಳೂ ಬ್ಯಾಕಪ್‌ಗೆ ಬಳಸುವ ಎಲ್‌ಟಿಒ ಟೇಪನ್ನೇ ನೋಡಿ. ಏಳನೇ ತಲೆಮಾರಿನ ಡ್ರೈವು ಐದನೆಯದರ ಟೇಪನ್ನು ಓದುತ್ತದೆ, ನಾಲ್ಕನೆಯದನ್ನು ಓದುವುದಿಲ್ಲ. ಟೇಪು ಮೂವತ್ತು ವರ್ಷ ಬಾಳಬಹುದು. ಅದನ್ನು ಓದುವ ಡ್ರೈವು ಮಾರುಕಟ್ಟೆಯಿಂದ ಅದಕ್ಕಿಂತ ಬಹಳ ಮೊದಲೇ ಮರೆಯಾಗುತ್ತದೆ.

ಅಮೆರಿಕದ ಅಣ್ವಸ್ತ್ರ ಪಡೆಗಳಿಗೆ ಸಂದೇಶ ಒಯ್ಯುವ ವ್ಯವಸ್ಥೆಯೊಂದು 1970ರ ದಶಕದ ಐಬಿಎಂ ಕಂಪ್ಯೂಟರಿನಲ್ಲಿ, ಎಂಟು ಇಂಚಿನ ಫ್ಲಾಪಿಗಳಲ್ಲಿ ನಡೆಯುತ್ತಿದೆ ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು 2016ರಲ್ಲಿ ವರದಿ ಕೊಟ್ಟರು. ಬಿಡಿಭಾಗ ಸಿಗುವುದೇ ಕಷ್ಟವಾಗಿತ್ತು. ಫ್ಲಾಪಿಗಳನ್ನು ಬದಲಿಸಿದ್ದು 2019ರಲ್ಲಿ. 'ಹೇಗೂ ನಡೆಯುತ್ತಿದೆಯಲ್ಲ' ಎಂಬ ಒಂದು ಮಾತು ಕಚೇರಿಗಳಲ್ಲಿ ಎಷ್ಟು ವರ್ಷ ನುಂಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹೊಸ ಯಂತ್ರ ಕೊಂಡ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹೊತ್ತಿತು. ಆರುನೂರಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ಒಮ್ಮೆಲೇ ನಿಂತವು. ನೌಕರರು ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್‌ನ 858 ಟೆರಾಬೈಟ್ ಮಾಹಿತಿಗೆ ಬೇರೆಡೆ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದು, ಬ್ಯಾಕಪ್ ಕಷ್ಟ ಎಂಬ ಕಾರಣ ಕೊಟ್ಟರು. ತಂತ್ರಜ್ಞಾನದಲ್ಲಿ ಜಗತ್ತಿಗೇ ಮುಂದಿರುವ ದೇಶದ ಮಾತಿದು.

ನಮ್ಮ ರೆಕಾರ್ಡ್ ರೂಮು

ನಮ್ಮಲ್ಲಿ ಈ ಪ್ರಶ್ನೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿದೆ. ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಮುಟ್ಟಿದರೆ ಅಂಚು ಉದುರುವ ಹಳೆಯ ಮ್ಯುಟೇಶನ್ ರಿಜಿಸ್ಟರು, ಮಂಜೂರಾತಿ ಕಡತ, ಸರ್ವೆ ಟಿಪ್ಪಣಿ. ಒಂದು ಹಾಳೆ ಕಾಣೆಯಾದರೆ ಒಂದು ಕುಟುಂಬ ಕೋರ್ಟು ಅಲೆಯುತ್ತದೆ. 'ಭೂಮಿ' ಯೋಜನೆ ಎರಡು ದಶಕಗಳ ಹಿಂದೆಯೇ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದು ದೇಶಕ್ಕೆ ಮಾದರಿಯಾಯಿತು. ಈಗ 'ಭೂ ಸುರಕ್ಷಾ' ಯೋಜನೆಯಲ್ಲಿ ಆ ಗಂಟುಗಳನ್ನೂ ಬಿಚ್ಚಿ ಸ್ಕ್ಯಾನ್ ಮಾಡುತ್ತಿದ್ದಾರೆ. ಮೆಚ್ಚಬೇಕಾದ ಕೆಲಸ. ಆದರೆ ಸ್ಕ್ಯಾನ್ ಆದ ದಿನ ಕೆಲಸ ಶುರುವಾಯಿತೆಂದು ಲೆಕ್ಕ. ಆ ಕಡತವನ್ನು ಇಟ್ಟ ಸರ್ವರಿಗೂ ವಯಸ್ಸಾಗುತ್ತದೆ. ಹತ್ತು ವರ್ಷಕ್ಕೊಮ್ಮೆಯಾದರೂ ಅದು ಹೊಸ ಮನೆಗೆ ಹೋಗಬೇಕು.

ಈ ಪಾಠ ಕನ್ನಡಕ್ಕೆ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ ಶಾಶ್ವತವಲ್ಲ ಎಂದು ಆ ಕಾಲದವರಿಗೆ ಗೊತ್ತಿತ್ತು. ಪ್ರತಿ ತೆಗೆಯುವ ಕೈಗಳು ನಿಂತರೆ ಕಾವ್ಯವೂ ನಿಲ್ಲುತ್ತದೆ ಎಂದು ಗೊತ್ತಿತ್ತು. ಹಳಗನ್ನಡ ಕಾವ್ಯ ನಮ್ಮವರೆಗೆ ಬಂದದ್ದು ಒಂದು ಗಟ್ಟಿ ಪೆಟ್ಟಿಗೆಯೊಳಗೆ ಕೂತಲ್ಲ, ಕೈಯಿಂದ ಕೈಗೆ ಪ್ರತಿಯಾಗುತ್ತ.

ಆದ್ದರಿಂದ ಇಲಾಖೆಗಳ ಬಜೆಟ್ಟಿನಲ್ಲಿ ಹೊಸ ಸರ್ವರು ಕೊಳ್ಳುವ ಹಣದ ಜೊತೆಗೆ, ಹಳೆಯದರಲ್ಲಿರುವುದನ್ನು ಹೊಸದಕ್ಕೆ ಸಾಗಿಸಿ ಪರೀಕ್ಷಿಸುವ ಹಣವೂ ಪ್ರತಿವರ್ಷ ಇರಬೇಕು. ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಆ ಕೆಲಸ ಬಲ್ಲ ನೌಕರ ನಿವೃತ್ತನಾಗುವ ಮೊದಲು ಇನ್ನೊಬ್ಬನಿಗೆ ಕಲಿಸಿ ಹೋಗಬೇಕು. ನಿಮ್ಮ ಮನೆಯ ಆಸ್ತಿಪತ್ರ, ಜನನ ಪ್ರಮಾಣಪತ್ರ, ಮಕ್ಕಳ ಅಂಕಪಟ್ಟಿ ಎಲ್ಲವೂ ಇಂದು ಇಂಥ ಯಾವುದೋ ಯಂತ್ರದೊಳಗಿವೆ. ಆ ಕಚೇರಿಗೆ ಕೇಳಬೇಕಾದ ಪ್ರಶ್ನೆಗಳು ಎರಡು: ಇನ್ನೊಂದು ಪ್ರತಿ ಎಲ್ಲಿದೆ? ಅದನ್ನು ಕೊನೆಯ ಸಲ ತೆರೆದು ಓದಿ ನೋಡಿದ್ದು ಯಾವಾಗ?