ಮುಡುಕುತೊರೆಯ ನೆತ್ತಿಗೆ ಬರುವ ಕುಬ್ಜ ನೋವಾ

ಮಾಘದ ದನಗಳ ಜಾತ್ರೆ ನಡೆಯುವ ದಿನಗಳಲ್ಲಿ ಮುಡುಕುತೊರೆಯ ಮಲ್ಲಿಕಾರ್ಜುನ ಬೆಟ್ಟದ ಬಳಿ ರಾತ್ರಿ ಹತ್ತರ ಸುಮಾರಿಗೆ ತಲೆಯೆತ್ತಿದರೆ, ಪುನರ್ವಸುವಿನ ಜೋಡಿ ತಾರೆಗಳು ನೆತ್ತಿಯಿಂದ ತುಸು ಬಡಗಣಕ್ಕೆ ಹೊಳೆಯುತ್ತಿರುತ್ತವೆ. ಆ ಜೋಡಿಯಲ್ಲಿ ಹೆಚ್ಚು ಬೆಳಗುವ ಪೊಲಕ್ಸ್‌ನಿಂದ ಆರು ಡಿಗ್ರಿಯಷ್ಟು ತೆಂಕಣಕ್ಕೆ, ಕರ್ಕಾಟಕ ರಾಶಿಯ ಅಂಚಿನಲ್ಲಿ, ಯು ಜೆಮಿನೋರಮ್ ಇದೆ. ಬರಿಗಣ್ಣಿಗೆ ಅದು ಎಂದೂ ಕಾಣದು. ಮತ್ತೆ ಮತ್ತೆ ಭುಗಿಲೆದ್ದು ಮಂಕಾಗುವ ಕುಬ್ಜ ನೋವಾಗಳಲ್ಲಿ ಮೊದಲು ಪತ್ತೆಯಾದದ್ದು ಇದೇ.

1855ರ ಡಿಸೆಂಬರ್ 15ರಂದು ಲಂಡನ್ನಿನಲ್ಲಿ ಜಾನ್ ರಸೆಲ್ ಹೈಂಡ್ ಇದನ್ನು ಕಂಡರು. ಕೆಲ ದಿನಗಳಲ್ಲಿ ಮಂಕಾದ ಈ ನಕ್ಷತ್ರ ಮರುವರ್ಷದ ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನ ನಾರ್ಮನ್ ಪಾಗ್ಸನ್ ಕಣ್ಣಿಗೆ ಮತ್ತೆ ಉರಿಯುತ್ತ ಸಿಕ್ಕಿತು. ಒಮ್ಮೆ ಸಿಡಿದು ಮುಗಿದುಹೋಗುವ ತಾರೆ ಇದಲ್ಲ ಎಂದು ಗೊತ್ತಾದದ್ದು ಹಾಗೆ. ಅದೇ 1856ರಲ್ಲಿ ಪಾಗ್ಸನ್ ಕಾಂತಿಮಾನದ ಅಳತೆಯನ್ನೂ ಖಚಿತಗೊಳಿಸಿದರು: ಐದು ಅಂಕೆಯ ಅಂತರವೆಂದರೆ ಬೆಳಕಿನಲ್ಲಿ ನೂರು ಪಟ್ಟು, ಅಂಕೆ ಹೆಚ್ಚಿದಷ್ಟೂ ತಾರೆ ಮಂಕು. 1861ರಲ್ಲಿ ಅವರು ಮದರಾಸು ವೀಕ್ಷಣಾಲಯಕ್ಕೆ ಬಂದು, ಕೊನೆಯವರೆಗೂ ಅಲ್ಲೇ ದುಡಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ ಬೇರನ್ನು ಗುರುತಿಸುವುದು ಆ ವೀಕ್ಷಣಾಲಯದಲ್ಲೇ. ನಮ್ಮ ಸೀಮೆಗೂ ಈ ನಕ್ಷತ್ರಕ್ಕೂ ಇರುವ ಈ ನಂಟು ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ಬೇಸರದ ಸಂಗತಿ.

ಯು ಜೆಮಿನೋರಮ್ ಎಂಬುದು ಎರಡು ತಾರೆಗಳ ಜೋಡಿ. ಒಂದು, ಇಂಧನ ಮುಗಿದು ಕುಗ್ಗಿದ ಶ್ವೇತ ಕುಬ್ಜ; ಇನ್ನೊಂದು ಕೆಂಪು ತಾರೆ; ಒಂದನ್ನೊಂದು ಸುತ್ತಲು ಅವಕ್ಕೆ ನಾಲ್ಕೂಕಾಲು ಗಂಟೆ ಸಾಕು. ಕೆಂಪು ತಾರೆಯಿಂದ ಹರಿದುಬರುವ ಅನಿಲ ನೇರವಾಗಿ ಶ್ವೇತ ಕುಬ್ಜದ ಮೇಲೆ ಬೀಳದೆ ಅದರ ಸುತ್ತ ತಟ್ಟೆಯಾಗಿ ಸುತ್ತುತ್ತ ಕೂಡಿಕೊಳ್ಳುತ್ತದೆ. ಕೂಡಿದಂತೆಲ್ಲ ತಟ್ಟೆ ಬಿಸಿಯಾಗಿ, ಒಂದು ಹಂತದಲ್ಲಿ ಜಲಜನಕದ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ. ಆಗ ಶಾಖ ಒಳಗೇ ಸಿಕ್ಕಿಬೀಳುತ್ತದೆ, ತಿಕ್ಕಾಟ ಹೆಚ್ಚುತ್ತದೆ, ಅನಿಲ ಒಳಕ್ಕೆ ಧಾವಿಸುತ್ತದೆ. ಭುಗಿಲೇಳುವುದು ತಟ್ಟೆಯೇ, ದೊಡ್ಡ ನೋವಾಗಳಲ್ಲಿ ಆಗುವಂಥ ಪರಮಾಣು ಸ್ಫೋಟ ಇಲ್ಲಿಲ್ಲ. ಅನಿಲ ಬರಿದಾದ ಮೇಲೆ ತಟ್ಟೆ ತಣಿದು ಮತ್ತೆ ತುಂಬತೊಡಗುತ್ತದೆ. ಭುಗಿಲಿನ ಮೂಲ ತಟ್ಟೆಯೇ ಎಂದು 1974ರಲ್ಲಿ ಜಪಾನಿನ ಯೋಜಿ ಒಸಾಕಿ ಮುಂದಿಟ್ಟ ವಿವರಣೆ ಇಂದಿಗೂ ನಿಂತಿದೆ.

ಸರಾಸರಿ ನೂರು ದಿನಕ್ಕೊಮ್ಮೆ ಈ ನಕ್ಷತ್ರ ಕಾಂತಿಮಾನ 14ರಿಂದ 9ರ ಆಸುಪಾಸಿಗೆ ಏರುತ್ತದೆಂದು ಲೆಕ್ಕ. ಆದರೆ ಈ ಲೆಕ್ಕವನ್ನು ನಂಬಿ ಕಾಯುವಂತಿಲ್ಲ. ಎರಡು ತಿಂಗಳಿಗೇ ಬಂದೀತು, ಎಂಟು ತಿಂಗಳಾದರೂ ಬಾರದೇ ಇದ್ದೀತು. ಏರಲು ಒಂದೆರಡು ದಿನ ಸಾಕು. ಹಾಗಾಗಿ ಮೋಡವಿಲ್ಲದ ಪ್ರತಿ ರಾತ್ರಿ ನೋಡಬೇಕು. ಜಾತ್ರೆಯ ದೀಪಗಳಿಂದ ದೂರದ ಗದ್ದೆ ಬಯಲಿನಲ್ಲಿ, ಕತ್ತಲೆಗೆ ಕಣ್ಣು ಒಗ್ಗಿದ ಮೇಲೆ, ಆರಿಂಚಿನ ದೂರದರ್ಶಕದಲ್ಲಿ, ಕಾಂತಿಮಾನ ನಮೂದಿಸಿದ ನಕ್ಷೆಯ ತಾರೆಗಳೊಂದಿಗೆ ಹೋಲಿಸಿ: 9.2ರದಕ್ಕಿಂತ ಮಂಕು, 9.8ರದಕ್ಕಿಂತ ಪ್ರಖರ ಎನಿಸಿದರೆ 9.5 ಎಂದು ಬರೆಯಿರಿ. ಏನೂ ಕಾಣದಿದ್ದರೆ, ಕಂಡ ಅತಿ ಮಂಕು ತಾರೆಯ ಅಂಕೆ ಬರೆದು "ಇದಕ್ಕಿಂತ ಮಂಕು" ಎನ್ನಿ. ಭುಗಿಲು ಯಾವ ರಾತ್ರಿ ಶುರುವಾಯಿತೆಂದು ಹೇಳಬಲ್ಲದ್ದು ಹಿಂದಿನ ರಾತ್ರಿಯ ಆ "ಕಾಣಲಿಲ್ಲ" ಮಾತ್ರ. ಗಡಿಯಾರದಿಂದ ಐದೂವರೆ ಗಂಟೆ ಕಳೆದು ವಿಶ್ವಕಾಲ ನಮೂದಿಸಿ, ಅಮೆರಿಕದ ಚರನಕ್ಷತ್ರ ವೀಕ್ಷಕರ ಸಂಘಕ್ಕೆ ಕಳುಹಿಸಬಹುದು. 1911ರಿಂದ ಅದು ಹವ್ಯಾಸಿಗಳ ಇಂಥ ಅಂಕಿಗಳನ್ನು ಕೂಡಿಡುತ್ತಿದೆ.

ಜುಲೈನಲ್ಲಿ ಸೂರ್ಯ ಇದೇ ದಿಕ್ಕಿಗೆ ಬರುವುದರಿಂದ ಕೆಲವು ವಾರ ನಕ್ಷತ್ರ ಬೆಳಕಲ್ಲಿ ಮುಳುಗಿರುತ್ತದೆ. ಆಗಸ್ಟ್ ಕೊನೆಯ ನಸುಕಿನಲ್ಲಿ, ಮಳೆಮೋಡ ಬಿಟ್ಟುಕೊಟ್ಟ ಕಿಂಡಿಯಲ್ಲಿ ಅದನ್ನು ಮೂಡಣದಲ್ಲಿ ಹುಡುಕುವವರ ಅಂಕಿಗಳಿಗೆ ಬೆಲೆ ಹೆಚ್ಚು. ಆ ಹೊತ್ತಿಗೆ ಎದ್ದು ನೋಡುವವರು ಲೋಕದಲ್ಲೆಲ್ಲ ಕಡಿಮೆ.